ಅತ್ತೆ ಹಾಡದ ಮಂಗಳ

ನಮ್ಮ ಸೋದರತ್ತೆ ಒಂದೇ ನಾಟಕವನ್ನು ಹದಿನೈದು ವರ್ಷ ನಡೆಸಿದಳು. ನಂಬುವುದಿಲ್ಲ, ಅಲ್ಲವೇ? ನಂಬಬೇಡಿ. ಮೈಸೂರಿನಲ್ಲಿ ಆಗಲೂ ನಂಬದವರು ಬೇಕಾದಷ್ಟು ಜನ ಇದ್ದರು. ಒಬ್ಬೊಬ್ಬರಾಗಿ ಬಂದು ಕಣ್ಣಾರೆ ನೋಡಿ ನಂಬಿ ಹೋದರು. ಆ ನಾಟಕದಲ್ಲಿ ಹಾಡಿರಲಿಲ್ಲ, ಕುಣಿತವಿರಲಿಲ್ಲ, ರಂಗಸ್ಥಳದ ಮೇಲೆ ಸೂರು ಕೂಡ ಇರಲಿಲ್ಲ. ರಾಜನ ಪಾತ್ರಧಾರಿ ಅಷ್ಟು ವರ್ಷವೂ ತುಟಿ ಬಿಚ್ಚಲಿಲ್ಲ. ಆದರೂ ನಾಟಕ ನಡೆಯುತ್ತಲೇ ಇದೆ ಎಂದು ಅತ್ತೆ ಸಾಧಿಸಿದಳು. ಅವಳು ಸಾಧಿಸಿದ್ದನ್ನು ಅಲ್ಲಗಳೆಯುವ ಗಂಡಸು ನಮ್ಮ ಮೊಹಲ್ಲಾದಲ್ಲಿ ಇನ್ನೂ ಹುಟ್ಟಿರಲಿಲ್ಲ.

‘ಅವಳು’ ಎನ್ನುತ್ತಿದ್ದೇನೆಂದು ಹುಬ್ಬೇರಿಸಬೇಡಿ. ಅತ್ತೆಯನ್ನು ನಾನು ಮೊದಲಿನಿಂದಲೂ ಏಕವಚನದಲ್ಲೇ ಕರೆದದ್ದು. ಟ್ರೈನಿಂಗ್ ಮುಗಿಸಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಮ್ಮನಾಗಿ, ಅತ್ತೆಯ ಮನೆಯಲ್ಲೇ ಇರಲು ಬಂದ ಹೊಸದರಲ್ಲಿ, ಪಟ್ಟಣದ ನಾಗರಿಕತೆ ನೆನಪಾಗಿ ಒಂದು ದಿನ “ಅತ್ತೆ, ನೀವು ಊಟ ಮಾಡಿದಿರಾ?” ಎಂದು ಕೇಳಿದೆ. ಅವಳು ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿ, “ಜ್ವರ ಇಲ್ವಲ್ಲ ಮಗಾ” ಎಂದಳು. ಅಂದಿನಿಂದ ನಾನು ನಾಗರಿಕತೆಯನ್ನು ಸ್ಕೂಲಿನಲ್ಲೇ ಬಿಟ್ಟು ಬರತೊಡಗಿದೆ.

ಅತ್ತೆ ಕಡಕೊಳದವಳು, ನಮ್ಮಪ್ಪನ ಅಕ್ಕ. ಮದುವೆಗೆ ಮುಂಚೆ ಅವಳ ಕೆಲಸ ಜೋಳದ ಹೊಲದಲ್ಲಿ ಮಂಚಿಗೆ ಹತ್ತಿ ಕೂತು ಹಕ್ಕಿ ಓಡಿಸುವುದು. ಕವಣೆ ಬೀಸುವ ಗೊಡವೆಗೇ ಅವಳು ಹೋಗುತ್ತಿರಲಿಲ್ಲವಂತೆ. ಒಂದು ಕೂಗು ಹಾಕಿದರೆ ನಮ್ಮ ಹೊಲದ ಹಕ್ಕಿಯ ಜೊತೆಗೆ ಪಕ್ಕದ ಹೊಲದವನ ಹಕ್ಕಿಯೂ ಎದ್ದು ಮಂಡಕಳ್ಳಿ ಕಡೆ ಹಾರಿಹೋಗುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದ. ಇಂಥ ಕಂಠವನ್ನು ತಂದು ಕಟ್ಟಿದ್ದು ಯಾರಿಗೆ? ನಮ್ಮ ಮಾವನಿಗೆ.

ಮಾವ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ದೇವರು ಅವನಿಗೆ ಎರಡು ಮಾತು ಕೊಟ್ಟು ಕಳಿಸಿದ್ದ. ಒಂದು ‘ಹ್ಞೂಂ’, ಇನ್ನೊಂದು ‘ಊಹ್ಞೂಂ’. ಮಾರುಕಟ್ಟೆಯಲ್ಲಿ ಬದನೆಕಾಯಿಯನ್ನು ಬೆರಳಲ್ಲಿ ತೋರಿಸಿ ಕೊಂಡು ತರುತ್ತಿದ್ದ. ಅಂಗಡಿಯವನು ಬೆಲೆ ಹೆಚ್ಚು ಹೇಳಿದರೆ ಸುಮ್ಮನೆ ನಿಂತುಬಿಡುತ್ತಿದ್ದ. ಆ ಮೌನ ತಡೆಯಲಾರದೆ ಅಂಗಡಿಯವನೇ ಇಳಿಸುತ್ತಿದ್ದ.

ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ ಗಂಡಹೆಂಡಿರ ಬಾಯಲ್ಲಿ ಒಬ್ಬರ ಹೆಸರು ಒಬ್ಬರಿಂದ ಹೇಳಿಸುವ ತಮಾಷೆ ನಿಮಗೆ ಗೊತ್ತೇ ಇದೆ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತಿದ್ದರು. ಅತ್ತೆ ಒಂದು ಪದ ಕಟ್ಟಿ, ಅದರ ಕೊನೆಗೆ ಗಂಡನ ಹೆಸರು ಪೋಣಿಸಿ, ಬೀದಿಯ ಆ ತುದಿಗೆ ಕೇಳುವಂತೆ ಹೇಳಿ ಮುಗಿಸಿದಳು. ಮಾವನ ಸರದಿ ಬಂತು. ಮಾವ ಹೊಸ್ತಿಲಾಚೆ ನಿಂತ. ನಿಂತೇ ಇದ್ದ. ನಾದಿನಿಯರು ನಕ್ಕರು, ಗದರಿದರು, ಕಡೆಗೆ ಗೋಗರೆದರು. ಒಳಗೆ ಪಾಯಸ ತಳ ಹತ್ತಿತು. “ಹೋಗ್ಲಿ ಬಿಡ್ರೇ, ಇನ್ನೊಂದ್ ದಿನ ಹೇಳ್ತಾನೆ” ಎಂದು ಅವನ ತಾಯಿ ಅವರನ್ನು ಸರಿಸಿ ಒಳಗೆ ಕರೆದುಕೊಂಡರು. ಆ ಇನ್ನೊಂದು ದಿನ ಬರಲೇ ಇಲ್ಲ. ಅತ್ತೆಗೆ ಅಂದಿನಿಂದ ಹೆಸರೇ ಇಲ್ಲ. ಅವಳನ್ನು ಮಾವ ಕರೆಯುತ್ತಿದ್ದದ್ದು ಕೆಮ್ಮಿ.

ಈಗ ನಾಟಕದ ಮನೆಗೆ ಬರೋಣ. ನಮ್ಮ ಬೀದಿಯ ಕೊನೆಯಲ್ಲಿದ್ದ ಆ ಕಟ್ಟಡ ಮೊದಲು ಕುದುರೆ ಲಾಯ. ಕುದುರೆಗಳು ಹೋದ ಮೇಲೆ ಅದು ಒಬ್ಬ ದವಸದ ಸಾಹುಕಾರರ ಕೈಗೆ ಬಂತು. ಅವರಿಗೆ ನಾಟಕದ ಹುಚ್ಚು. ಲಾಯವನ್ನು ಮೊಹಲ್ಲಾದವರಿಗೆ ಬಿಟ್ಟುಕೊಟ್ಟು, ಎಲ್ಲರೆದುರು ಒಂದು ಮಾತು ಹೇಳಿದರು: “ಇಲ್ಲಿ ನಾಟಕ ನಡೀತಿರೋ ತನಕ ಇದು ನಿಮ್ಮದು. ನಾಟಕ ಮುಗಿದ ದಿನ ನಮ್ಮ ಮನೆಗೆ ವಾಪಸ್.” ಕಾಗದ ಪತ್ರ ಏನೂ ಇಲ್ಲ. ಆಗಿನವರಿಗೆ ಬಾಯಿಮಾತೇ ಸಾಕಾಗಿತ್ತು. ಜನ ಸೇರಿ ಒಂದು ರಂಗಸ್ಥಳ ಕಟ್ಟಿದರು. ಸಿಂಹಾಸನ ಮಾಡಿಸಿದರು. ಹೆಂಗಸರಿಗೆಂದು ಮೇಲೆ ಒಂದು ಅಟ್ಟ ಹಾಕಿ, ಅದಕ್ಕೆ ಬಿದಿರಿನ ತಡಿಕೆ ಕಟ್ಟಿದರು. ನಾವು ತಡಿಕೆಯ ಸಂದಿನಿಂದ ನೋಡಬೇಕು. ನಮ್ಮನ್ನು ಯಾರೂ ನೋಡಬಾರದು. ಇಷ್ಟೆಲ್ಲ ಆದರೂ ಊರಿಗೆ ಅದು ‘ಲಾಯ’ವೇ. ಮಳೆಗಾಲದಲ್ಲಿ ರಾಜ ದರ್ಬಾರು ನಡೆಸುವಾಗ ಗೋಡೆಯೊಳಗಿಂದ ಹಳೆಯ ಕುದುರೆಗಳ ವಾಸನೆ ಎದ್ದು ಬರುತ್ತಿತ್ತು. ದರ್ಬಾರಿಗೆ ಅದರಿಂದ ಒಂದು ಕಳೆಯೇ ಬರುತ್ತಿತ್ತು ಅನ್ನಿ.

ಸಾಹುಕಾರರ ತಾಯಿ ಗಟ್ಟಿಗಿತ್ತಿ. ಹೆಂಗಸರು ರಂಗಸ್ಥಳ ಹತ್ತಬಾರದು ಎಂದು ಗಂಡಸರು ಕಟ್ಟುಮಾಡಿದಾಗ ಆಕೆಯೂ ಒಂದು ಕಟ್ಟು ಹಾಕಿದರಂತೆ: “ಆಗಲಿ. ನಾಂದಿ ನಿಮ್ಮದು, ಮಂಗಳ ನಮ್ಮದು. ಮೇಲಿಂದ ನಾವು ಮಂಗಳ ಹಾಡದೆ ನಾಟಕ ಮುಗಿಯಕೂಡದು.” ಹೀಗಾಗಿ ಬೇರೆ ಕಡೆ ಪಾತ್ರಧಾರಿಗಳೆಲ್ಲ ಸಾಲಾಗಿ ನಿಂತು ಮಂಗಳ ಹಾಡಿದರೆ, ನಮ್ಮ ಲಾಯದಲ್ಲಿ ಅದು ಅಟ್ಟದ ಮೇಲಿಂದ, ಆರತಿಯ ಜೊತೆ, ಹೆಣ್ಣಿನ ದನಿಯಲ್ಲಿ ಬರಬೇಕು. ನನ್ನ ಕಾಲಕ್ಕೆ ಆ ದನಿ ಅತ್ತೆಯದು. ಯಾರು ಆರಿಸಿದರು ಎಂದು ಕೇಳಬೇಡಿ. ಅವಳು ಬಾಯಿ ತೆರೆದ ಮೇಲೆ ಉಳಿದವರು ಹಾಡಿದರೂ ಕೇಳಿಸುತ್ತಿರಲಿಲ್ಲ.

ಮೊದಮೊದಲು ಮಾವನ ಕೆಲಸ ತಾಲೀಮಿನಲ್ಲಿ ಪುಸ್ತಕ ಹಿಡಿದು ಕೂರುವುದು. ಯಾರಾದರೂ ಮಾತು ಮರೆತರೆ ಅವನು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಒಂದು ವರ್ಷ ನಾಟಕ ಹತ್ತಿರ ಬಂದಾಗ ರಾಜನ ಪಾತ್ರದವರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಮಾವ ಪುಸ್ತಕ ಮುಚ್ಚಿ ಎದ್ದ. ರಂಗಸ್ಥಳಕ್ಕೆ ಹೋಗಿ ಇಡೀ ಪಾತ್ರವನ್ನು ಒಂದು ಅಕ್ಷರ ತಪ್ಪದೆ, ಆಳವಾದ, ಗಂಟೆಯಂಥ ದನಿಯಲ್ಲಿ ಹೇಳಿ, ಮತ್ತೆ ಬಂದು ಕೂತ. ನಾಟಕದ ದಿನ ಅಟ್ಟದ ಮೇಲೆ ಅತ್ತೆ ಪಕ್ಕದವರನ್ನು ಕೇಳಿದಳಂತೆ: “ಯಾರಮ್ಮಿ ಈ ರಾಜ? ಎಷ್ಟು ಚೆಂದಾಗ್ ಮಾತಾಡ್ತಾನೆ.” “ನಿನ್ನ ಗಂಡ ಕಣೆ” ಎಂದರು. ಅತ್ತೆ ಒಪ್ಪಲಿಲ್ಲ. ತಡಿಕೆಯ ಸಂದಿಗೆ ಕಣ್ಣಿಟ್ಟು, ಕೈಯ ಬೆರಳು, ಕಾಲಿನ ಬೆರಳು, ನಡಿಗೆ ಎಲ್ಲ ಪರೀಕ್ಷೆ ಮಾಡಿ ಆಮೇಲೆ ಒಪ್ಪಿದಳು.

ಅಂದಿನಿಂದ ವರ್ಷಕ್ಕೊಂದು ಸಲ ಆ ನಾಟಕ, ಮಾವನೇ ರಾಜ. ಕೊನೆಯ ಅಂಕದಲ್ಲಿ ರಾಜ್ಯ ಕಳೆದುಕೊಂಡ ರಾಜ ರಾಣಿಯತ್ತ ತಿರುಗಿ ಒಂದು ಮಾತು ಹೇಳುತ್ತಾನೆ: “ದೇವೀ, ಸಿಂಹಾಸನ ಹೋದರೆ ಹೋಗಲಿ. ನನ್ನ ದನಿ ಕೇಳಲು ನೀನಿರುವವರೆಗೆ ನಾನು ರಾಜನೇ.” ರಾಣಿಯ ಪಾತ್ರ ಗರಡಿಮನೆಯ ಪೈಲ್ವಾನರೊಬ್ಬರದು. ಮೀಸೆ ಬೋಳಿಸಲು ಅವರು ಒಪ್ಪಿರಲಿಲ್ಲ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಮಹಾ ಸಂಕೋಚದ ರಾಣಿಯಾಗಿದ್ದರು. ಆ ಮೀಸೆಯನ್ನು ನೋಡುತ್ತ ಇಂಥ ಮಾತು ಹೇಳುವುದು ಯಾರಿಂದ ಸಾಧ್ಯ? ಮಾವ ಆ ಹೊತ್ತಿಗೆ ತಲೆಯೆತ್ತಿ ಮೇಲಿನ ತಡಿಕೆಯನ್ನು ನೋಡುತ್ತ ಹೇಳುತ್ತಿದ್ದ. ತಡಿಕೆಯ ಹಿಂದೆ ನಾವು ಮೂವತ್ತು ಜನ ಹೆಂಗಸರಿದ್ದೆವು. ಆದರೆ ಅದು ಯಾರಿಗೆ ಹೇಳಿದ್ದು ಎಂಬ ವಿಚಾರದಲ್ಲಿ ಅತ್ತೆಗೆ ಅನುಮಾನವಿರಲಿಲ್ಲ. ಮನೆಯಲ್ಲಿ ಒಮ್ಮೆ, “ಆ ಮಾತ ಇಲ್ಲೊಂದ್ಸಲ ಯೋಳಿ ನೋಡಾನ” ಎಂದು ಕೇಳಿದ್ದಳು. ಮಾವ “ಊಹ್ಞೂಂ” ಎಂದಿದ್ದ.

ಸ್ವಾತಂತ್ರ್ಯ ಬಂದ ವರ್ಷ, ದಸರೆಗೆ ಮುಂಚೆ, ಭಾನುವಾರ ಮಧ್ಯಾಹ್ನ ನಾಟಕ ಇಟ್ಟುಕೊಂಡಿದ್ದರು. ಹೊರಗೆ ಜೋರು ಮಳೆ. ಕೊನೆಯ ಅಂಕ. ಮಾವ ರಾಣಿಯತ್ತ ತಿರುಗಿ, ತಲೆಯೆತ್ತಿ, ಬಾಯಿ ತೆರೆದ. ಅಷ್ಟರಲ್ಲಿ ಗೆದ್ದಲು ತಿಂದಿದ್ದ ತೊಲೆ ಮುರಿದು ರಂಗಸ್ಥಳದ ಮೇಲಿನ ಹೆಂಚೆಲ್ಲ ಸಿಂಹಾಸನದ ಮೇಲೆ ಬಿತ್ತು. ಪೈಲ್ವಾನರು ರಾಜನನ್ನು ಕಂಕುಳಲ್ಲಿ ಎತ್ತಿಕೊಂಡು ಹಾರಿದ್ದರಿಂದ ಮಾವ ಬದುಕಿಕೊಂಡ. ರಾಣಿ ರಾಜನನ್ನು ಎತ್ತಿಕೊಂಡು ಓಡಿದ ನಾಟಕ ಮೈಸೂರಿನಲ್ಲಿ ಅದೊಂದೇ ಇರಬೇಕು.

ಯಾರಿಗೂ ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ ಮೊಹಲ್ಲಾದ ನಾಟಕ ಸಂಘದ ಕಾರ್ಯದರ್ಶಿಗಳು ಮೇಲೆ ನೋಡಿ, “ಮಂಗಳ ಹಾಡ್ಬಿಡಿ ತಾಯಿ, ಎಲ್ರೂ ಮನೆಗೆ ಹೋಗ್ಲಿ” ಎಂದರು.

ತಡಿಕೆಯ ಹಿಂದಿನಿಂದ ಅತ್ತೆಯ ದನಿ ಬಂತು: “ರಾಜ ಇನ್ನೂ ಮಾತಾಡ್ನೇ ಇಲ್ಲ, ಎಂಗೆ ಹಾಡ್ಲಿ? ಮಾತಾಡ್ಲಿ, ಹಾಡ್ತೀನಿ.”

“ಸೂರೇ ಬಿದ್ದೋಯ್ತಲ್ಲ ತಾಯಿ.”

“ಸೂರು ಬಿದ್ರೆ ಸೂರು ಬಿತ್ತು. ನಾಟ್ಕ ಬಿತ್ತಾ?”

ಎಲ್ಲರೂ ಮಾವನ ಕಡೆ ನೋಡಿದರು. ಮಾವ ಪೈಲ್ವಾನರ ಕಂಕುಳಿನಿಂದ ಇಳಿದು, ಒದ್ದೆಯಾದ ಕಿರೀಟ ತೆಗೆದು, ಮೆಲ್ಲಗೆ ಕೆಮ್ಮಿದ. ಆ ಸ್ಥಿತಿಯಲ್ಲಿ ಮಾತು ಬರಲಿಲ್ಲ. ಆಮೇಲೂ ಬರಲಿಲ್ಲ.

ಒಂದು ತಿಂಗಳೊಳಗೆ ಸಾಹುಕಾರರ ಮಗ ಬಂದರು. ಹಳೆಯ ಸಾಹುಕಾರರು ತೀರಿಕೊಂಡು ವ್ಯಾಪಾರವೆಲ್ಲ ಇವರದಾಗಿತ್ತು. ಮೃದು ಸ್ವಭಾವ, ಜರಿ ಪೇಟ, ಮಾತಿಗೊಮ್ಮೆ ನಗು. “ಸೂರೇ ಹೋದ ಮೇಲೆ ಮುಂದಿನ ವರ್ಷದ ನಾಟಕ ಎಲ್ಲಿ? ನಾಟಕ ಮುಗೀತು, ಕಟ್ಟಡ ಇನ್ನು ನಮ್ಮದಲ್ಲವೇ?” ಎಂದು ಸಂಘದವರನ್ನು ಕೇಳಿದರು. ಸಂಘದವರು ನೆಲ ನೋಡಿದರು. ಅತ್ತೆ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, “ಮುಗೀತು ಅಂದೋರ್ಯಾರು ಬುದ್ಧಿ? ಮಂಗಳ ಕೇಳಿದ್ರಾ?” ಎಂದಳು. ಸಾಹುಕಾರರ ಮಗ ನಕ್ಕರು. ಅತ್ತೆ ನಗಲಿಲ್ಲ. ಅವರ ನಗು ಅರ್ಧಕ್ಕೇ ನಿಂತಿತು.

ನಾನು ಅಂದು ಮನೆಗೆ ಬಂದು ಕೇಳಿದೆ, “ಯಾಕತ್ತೆ ಇಷ್ಟು ಹಟ? ಬಿದ್ದುಹೋದ ಲಾಯ ಅದು.”

ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಲೆಯೆತ್ತದೆ ಹೇಳಿದಳು: “ಅವ್ರ ದನಿ ಇರೋದೇ ಆ ಜಾಗದಲ್ಲಿ ಕಣಮ್ಮಿ. ಮನೇಲಿ ಬರಾಕಿಲ್ಲ, ಕಚೇರೀಲಿ ಬರಾಕಿಲ್ಲ. ಜಾಗ ಹೋದ್ರೆ ದನಿಯೂ ಹೋಯ್ತು. ಬುಟ್ಕೊಡಾಕಾಯ್ತದಾ?”

ಅಂದಿನಿಂದ ಶುರುವಾಯಿತು. ಪ್ರತಿ ಭಾನುವಾರ ಅತ್ತೆ ಲಾಯಕ್ಕೆ ಹೋಗಿ ರಂಗಸ್ಥಳ ಗುಡಿಸಿ, ದೀಪ ಹಚ್ಚಿ, ಅಟ್ಟ ಹತ್ತಿ ತಡಿಕೆಯ ಹಿಂದೆ ಕೂರುವಳು. ಮಾವ ಛತ್ರಿ ಹಿಡಿದು ಹೋಗಿ ರಂಗಸ್ಥಳದ ಮೇಲೆ ನಿಲ್ಲುವನು. ಪರದೆಯ ರಾಟೆಗೆ ಎಣ್ಣೆ ಹಾಕುವನು, ಹಗ್ಗ ಎಳೆದು ನೋಡುವನು, ಮತ್ತೆ ನಿಲ್ಲುವನು. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಮನೆಗೆ ಬರುವರು, ಮಾವ ಮುಂದೆ, ಅತ್ತೆ ಹಿಂದೆ. ಇದಕ್ಕೆ ಅತ್ತೆ ಕೊಟ್ಟ ಹೆಸರು ‘ಇವತ್ತಿನ ಆಟ’.

ಸಾಹುಕಾರರ ಮಗ ಮುಂದಿನ ವರ್ಷ ಉಪಾಯ ಮಾಡಿ, ಯಾರಿಗೂ ಹೇಳದೆ ಒಂದು ಭಾನುವಾರ ಅಕ್ಕಿ ಮೂಟೆಯ ಗಾಡಿಗಳನ್ನು ಲಾಯದ ಬಾಗಿಲಿಗೆ ಕಳಿಸಿದರು. ಹಮಾಲರು ಮೂಟೆ ಹೊತ್ತು ಒಳಗೆ ಕಾಲಿಟ್ಟರು. ಮೇಲಿಂದ ಹೊಲ ಕಾಯುವ ಕೂಗು ಬಂತು: “ನಾಟ್ಕ ನಡೀತೈತೆ, ಕಾಣಾಕಿಲ್ವಾ? ಕೂತ್ಕಳ್ರಪ್ಪ.”

ಹಮಾಲರು ಬೆದರಿ ಮೂಟೆಯ ಮೇಲೇ ಕೂತರು. ಎದುರಿಗೆ ರಂಗಸ್ಥಳ. ಅದರ ಮೇಲೆ ಕಚೇರಿ ಕೋಟು ಹಾಕಿಕೊಂಡ ಮಾವ, ಕೈಯಲ್ಲಿ ಮಡಿಸಿದ ಛತ್ರಿ. ಅವನು ನಿಂತಿದ್ದ. ಇವರು ನೋಡಿದರು. ಬಹಳ ಹೊತ್ತಾದ ಮೇಲೆ ಒಬ್ಬ ಹಮಾಲ ಮೆಲ್ಲಗೆ ಕೇಳಿದ, “ಏನವ್ವಾ, ಇವ್ರು ಏನ್ ಮಾಡ್ತಾವ್ರೆ?”

“ರಾಜ ಯೋಚ್ನೆ ಮಾಡ್ತವ್ನೆ.”

“ಏನ್ ಯೋಚ್ನೆ?”

“ರಾಜ್ಯ ಹೋಗೈತಲ್ಲಪ್ಪ.”

ಹಮಾಲರು ತಲೆಯಾಡಿಸಿದರು. ರಾಜ್ಯ ಹೋದವನು ಯೋಚನೆ ಮಾಡದೆ ಇನ್ನೇನು ಮಾಡುತ್ತಾನೆ? ಇನ್ನಷ್ಟು ಹೊತ್ತು ಕೂತು, ಎದ್ದು ಮಾವನಿಗೆ ಕೈಮುಗಿದು, ಮೂಟೆಗಳನ್ನು ಗಾಡಿಗೆ ವಾಪಸ್ ಹಾಕಿಕೊಂಡು ಹೊರಟುಹೋದರು. “ಏನ್ ಗಾಂಭೀರ್ಯ ಕಣ್ಲಾ” ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದುದು ಅಟ್ಟದ ಮೇಲಿದ್ದ ನನಗೇ ಕೇಳಿಸಿತು. ಮಾವ ಜೀವಮಾನದಲ್ಲಿ ಪಡೆದ ವಿಮರ್ಶೆಗಳಲ್ಲಿ ಅದೇ ಶ್ರೇಷ್ಠವಾದದ್ದು.

ಆಮೇಲೊಮ್ಮೆ ಪುರಸಭೆಯ ಕಡೆಯವರೆಂದು ಒಬ್ಬ ಅಧಿಕಾರಿ ಬಂದರು. ಕಟ್ಟಡ ಅಪಾಯಕಾರಿಯಾಗಿದೆ, ಕೆಡವಬೇಕು ಎಂದರು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟು ಕೂರಿಸಿ, “ಒಳಗೆ ಜನ ಇರೋವಾಗ ಕೆಡವಬೋದಾ ಬುದ್ಧಿ?” ಎಂದು ಕೇಳಿದಳು.

“ಜನ ಇದ್ದರೆ ಕೆಡವೋಕಾಗಲ್ಲಮ್ಮ. ಯಾರಿದ್ದಾರೆ ಒಳಗೆ?”

“ರಾಜ ಅವ್ನೆ, ನಾನಿವ್ನಿ. ರಾಣಿ ಗರಡಿಗೆ ಹೋಗವ್ಳೆ, ಬತ್ತಾಳೆ.”

ಅಧಿಕಾರಿ ಲೋಟ ಕೆಳಗಿಟ್ಟು, ಜಾಣತನದಿಂದ ಮಾವನತ್ತ ತಿರುಗಿದರು. “ಸ್ವಾಮಿ, ತಾವಾದರೂ ಹೇಳಿ. ಈ ನಾಟಕ ನಿಜವಾಗಿ ನಡೀತಿದೆಯಾ?”

ಮಾವ ಸ್ವಲ್ಪ ಯೋಚಿಸಿ, “ಹ್ಞೂಂ” ಎಂದ.

ಸರ್ಕಾರಿ ನೌಕರನೊಬ್ಬ ಅಧಿಕಾರಿಯೆದುರು ಕೊಟ್ಟ ಹೇಳಿಕೆ ಅದು. ಅಧಿಕಾರಿ ಎದ್ದು ಹೋದವರು ಮತ್ತೆ ಬರಲಿಲ್ಲ. ಅಂದು ಅತ್ತೆ ಮಾವನಿಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದಳು.

ವರ್ಷಗಳು ಕಳೆದವು. ಮಾವನ ಕೂದಲು ನೆರೆಯಿತು. ಮುಂದಿನ ಹಲ್ಲುಗಳೂ ಹೋದವು. ರಾಣಿಯ ಸೀರೆಯನ್ನು ಇಲಿ ತಿಂದಿತು. ಅಕ್ಕಿ ಮೂಟೆ, ಅಧಿಕಾರಿ ಎಲ್ಲ ಆಗಿ ಸಾಹುಕಾರರ ಮಗ ಈಗ ವಿನಯದ ದಾರಿ ಹಿಡಿದರು. ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಒಂದು ರೇಷ್ಮೆ ಸೀರೆ ಇಟ್ಟುಕೊಂಡು ಬಂದು, “ಒಂದೇ ಒಂದು ಮಂಗಳ ಹಾಡಿಬಿಡಿ ತಾಯಿ” ಎಂದರು. ಅತ್ತೆ ಸೀರೆ ಬಿಚ್ಚಿ ನೋಡಿ, “ಚೆಂದಾಗೈತೆ. ರಾಣಿಗೆ ಕೊಟ್ಬುಡಿ, ಅವಳದು ಹರಿದೋಗೈತೆ” ಎಂದು ಪೈಲ್ವಾನರ ಮನೆಗೆ ಕಳಿಸಿಬಿಟ್ಟಳು.

ಆದರೆ ಒಂದು ಮಾತು ಒಪ್ಪಬೇಕು. ಹಟದಿಂದ ಕಟ್ಟಡ ನಿಲ್ಲುತ್ತದೆ, ಸೂರು ನಿಲ್ಲುವುದಿಲ್ಲ. ಮಳೆಗಾಲಕ್ಕೊಂದಿಷ್ಟು ಹೆಂಚು ಕೆಳಗಿಳಿಯುತ್ತಿತ್ತು. ಅತ್ತೆ ನಮ್ಮ ದನದ ಕೊಟ್ಟಿಗೆಯ ಹೆಂಚು ತೆಗೆದು ಅಲ್ಲಿ ಹೊದಿಸಿದಳು, ಹಸು ನೆನೆಯಿತು. ಗಂಡಸರನ್ನು ಕೇಳಿದಳು, ಅವರು ನೋಡೋಣ ಎಂದರು. ಆಗ ಅವಳು ತನ್ನ ಕೊನೆಯ ಅಸ್ತ್ರ ತೆಗೆದಳು.

ಮೊಹಲ್ಲಾದ ಯಾವ ಮನೆಯ ಮದುವೆಯಾಗಲಿ, ಸೀಮಂತವಾಗಲಿ, ಕೊನೆಗೆ ಆರತಿಯ ಮಂಗಳ ಅತ್ತೆಯದೇ. ಅವಳು ಹಾಡಿದರೆ ದೇವರು ಎಲ್ಲಿದ್ದರೂ ಕೇಳಿಸಿಕೊಳ್ಳುತ್ತಾನೆ ಎಂದು ಹೆಂಗಸರ ನಂಬಿಕೆ. ಕೇಳಿಸದೆ ಇರಲು ಸಾಧ್ಯವೂ ಇರಲಿಲ್ಲ. ಒಂದು ಮದುವೆಯಲ್ಲಿ ಆರತಿ ತಟ್ಟೆ ಅವಳ ಕೈಗೆ ಬಂದಾಗ ಅದನ್ನು ಹಾಗೇ ಪಕ್ಕಕ್ಕೆ ದಾಟಿಸಿ, “ನನ್ನ ಬಾಯಲ್ಲಿ ಲಾಯದ ಮಂಗಳ ಕೂತೈತೆ. ಸೂರಾಗಿ ರಾಜ ಮಾತಾಡೋ ಗಂಟ ಇನ್ನೊಂದು ಹಾಡಾಕಿಲ್ಲ” ಎಂದುಬಿಟ್ಟಳು.

ಅಂದು ಯಾರೋ ಬದಲಿಗೆ ಹಾಡಿದರು. ಸಣ್ಣ ದನಿ, ಎರಡನೇ ನುಡಿಗೇ ಮರೆತುಹೋಯಿತು. ಮುಂದಿನ ಮದುವೆಯಲ್ಲಿ ಇಬ್ಬರು ಒಟ್ಟಿಗೆ ಶುರುಮಾಡಿ ಬೇರೆ ಬೇರೆ ರಾಗದಲ್ಲಿ ಮುಗಿಸಿದರು. ಮದುಮಕ್ಕಳ ತಾಯಂದಿರು ಕಣ್ಣೀರಿಟ್ಟರು, ಅಜ್ಜಿಯರು ಅಪಶಕುನ ಎಂದರು. ಮನೆಮನೆಯಲ್ಲೂ ಒಂದೇ ರಾಗ: “ಆ ಲಾಯದ ಸೂರು ಹಾಕ್ಸೋಕೆ ನಿಮಗೇನು ಕಷ್ಟ?” ಗಂಡಸರು ಊಟಕ್ಕೆ ಕೂತಾಗ ಅದೇ ಮಾತು, ಎದ್ದಾಗ ಅದೇ ಮಾತು. ಕಡೆಗೆ ಸಾಹುಕಾರರ ಮಗನ ಮನೆಯಲ್ಲೇ ಮಗಳ ಮದುವೆ ಗೊತ್ತಾಯಿತು. ಅವರ ಹೆಂಡತಿ, “ಆಕೆ ಹಾಡದೆ ನನ್ನ ಮಗಳನ್ನು ಧಾರೆ ಎರೆಯೋಲ್ಲ” ಎಂದು ಕೂತರು.

ಸಾಹುಕಾರರ ಮಗ ವ್ಯಾಪಾರಸ್ಥರು. ಯೋಚಿಸಿದರು. ಸೂರು ಹಾಕಿಸಿಕೊಟ್ಟರೆ ನಾಟಕ ಆಡುತ್ತಾರೆ. ಆಡಿದರೆ ರಾಜ ಮಾತಾಡುತ್ತಾನೆ. ಮಾತಾಡಿದರೆ ಈಕೆ ಮಂಗಳ ಹಾಡುತ್ತಾಳೆ. ಹಾಡಿದರೆ ಮಗಳ ಮದುವೆಯೂ ಆಯಿತು, ಈಕೆಯ ಮಾತಿನಂತೆಯೇ ನಾಟಕವೂ ಮುಗಿಯಿತು, ಕಟ್ಟಡ ಹೊಸ ಸೂರಿನ ಸಮೇತ ತಮಗೇ ಬಂತು. ಎಷ್ಟು ಚೆನ್ನಾಗಿದೆ ನೋಡಿ. ಮರುದಿನವೇ ತೊಲೆಗಳ ಗಾಡಿ ಬಂತು.

ಮೊಹಲ್ಲಾದ ಜನ ಎಲ್ಲ ಕೈಹಾಕಿದರು. ಪೈಲ್ವಾನರು ಈ ವಯಸ್ಸಿನಲ್ಲೂ ದೊಡ್ಡ ತೊಲೆಯ ಒಂದು ತುದಿಯನ್ನು ಒಬ್ಬರೇ ಹೊತ್ತರು. ಗೋಡೆಗೆ ಸುಣ್ಣವಾಯಿತು, ಮುರಿದ ಸಿಂಹಾಸನಕ್ಕೆ ಹೊಸ ಕಾಲು ಬಂತು. ಹೊಸ ಕಾಲದ ಹುಡುಗರು, “ಇನ್ನು ಈ ಅಟ್ಟ ಯಾಕೆ? ಹೆಂಗಸರೂ ಕೆಳಗೇ ಕೂರಲಿ, ಕಿತ್ತುಹಾಕೋಣ” ಎಂದರು. ಅತ್ತೆ ಕಡಕೊಳದಿಂದ ತಂದ ಕುಡುಗೋಲು ಹಿಡಿದು ಅಟ್ಟ ಹತ್ತಿದಳು. ಹುಡುಗರು ಎರಡು ಹೆಜ್ಜೆ ಹಿಂದೆ ಸರಿದರು. ಅವಳು ತಡಿಕೆಯ ಹಗ್ಗಗಳನ್ನೆಲ್ಲ ಕೊಯ್ದು ತಡಿಕೆಯನ್ನು ಕೆಳಗೆ ಬೀಳಿಸಿ, “ಕೀಳೋದಾದ್ರೆ ಇದ ಕೀಳಿ. ಅಟ್ಟ ಮುಟ್ಟಿದ್ರೆ ನೋಡಿ. ಮಂಗಳ ಮೇಲಿಂದ್ಲೇ ಬರ್ಬೇಕು” ಎಂದಳು. ಆ ಅಟ್ಟದಿಂದ ರಂಗಸ್ಥಳ ಅಡ್ಡಿಯಿಲ್ಲದೆ ಕಂಡದ್ದು ನಮಗೆ ಅದೇ ಮೊದಲು.

ನಾಟಕದ ಹಿಂದಿನ ದಿನ ನನಗೆ ಊಟ ಸೇರಲಿಲ್ಲ. “ಅತ್ತೆ, ನಾಳೆ ಮಾವ ಆ ಮಾತು ಹೇಳ್ತಾನೆ. ಆಮೇಲೆ ನೀನು ಹಾಡಬೇಕು. ಹಾಡಿದರೆ ಕಟ್ಟಡ ಹೋಯ್ತು. ಹಾಡದೆ ಇರ್ತೀಯಾ?” ಎಂದೆ.

“ಕೊಟ್ಟ ಮಾತು ಕೊಟ್ಟಂಗೆ. ರಾಜ ಮಾತಾಡಿದ್ರೆ ಹಾಡ್ತೀನಿ ಅಂದಿವ್ನಿ. ಹಾಡ್ತೀನಿ” ಎಂದಳು. ಆಮೇಲೆ ಆರತಿ ತಟ್ಟೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತ ಕೂತಳು.

ಭಾನುವಾರ ಮಧ್ಯಾಹ್ನ ಲಾಯದಲ್ಲಿ ಕಾಲಿಡಲು ಜಾಗವಿಲ್ಲ. ನಾಂದಿ ಹಾಡಲು ಹೊರಟವರನ್ನು ಅತ್ತೆ ಮೇಲಿಂದಲೇ ತಡೆದಳು. ನಾಂದಿ ಆಗಲೇ ಆಗಿದೆ, ನಿಂತ ಕಡೆಯಿಂದ ಶುರುಮಾಡಿ! ಸಿಂಹಾಸನದ ಪಕ್ಕ ಸಾಹುಕಾರರ ಸೀರೆ ಉಟ್ಟ ರಾಣಿ, ಮೀಸೆ ಈಗ ಪೂರಾ ಬಿಳಿ. ಮಾವ ಬಂದು ನಿಂತ. ಕಿರೀಟ ಸ್ವಲ್ಪ ಸಡಿಲವಾಗಿತ್ತು. ಮುಂದಿನ ಸಾಲಿನಲ್ಲಿ ಸಾಹುಕಾರರ ಮಗ ಕೈಕಟ್ಟಿ ಕೂತಿದ್ದರು.

ಮಾವ ರಾಣಿಯತ್ತ ತಿರುಗಿದ. ತಲೆಯೆತ್ತಿದ. ಅಟ್ಟಕ್ಕೆ ತಡಿಕೆ ಇರಲಿಲ್ಲ. ಅಲ್ಲಿ, ಮುಂದಿನ ಸಾಲಿನಲ್ಲೇ ಅತ್ತೆ, ಮಡಿಲಲ್ಲಿ ಆರತಿ ತಟ್ಟೆ. ಆ ಜಾಗದಿಂದ ಅವನು ಅವಳನ್ನು ಕಂಡದ್ದು ಅದೇ ಮೊದಲು. ಮಾವ ನೋಡುತ್ತಲೇ ನಿಂತ. ಪುಸ್ತಕ ಹಿಡಿದವನು ಪಕ್ಕದಿಂದ “ದೇವೀ, ದೇವೀ” ಎಂದು ಪಿಸುಗುಟ್ಟಿದ. ಪೈಲ್ವಾನರು ಸೆರಗಿನೊಳಗಿಂದ ಮೊಣಕೈಯಲ್ಲಿ ತಿವಿದರು. ಜನ ಗುಸುಗುಸು ಎಂದಿತು.

ಆಗ ಮಾವ ಮಾತಾಡಿದ. ಗಂಟೆಯಂಥ ಆ ದನಿ ಹಾಗೇ ಇತ್ತು. ‘ದೇವೀ’ ಎನ್ನಲಿಲ್ಲ. ಮದುವೆಯ ದಿನ ಹೊಸ್ತಿಲಾಚೆ ನಿಂತು ಹೇಳಲಾರದೆ ಹೋದ ಆ ಹೆಸರನ್ನು, ಅಷ್ಟು ಜನರ ಎದುರಿಗೆ, ಪೂರ್ತಿಯಾಗಿ ಹೇಳಿದ. ಆಮೇಲೆ, “ಸಿಂಹಾಸನ ಹೋದರೆ ಹೋಗಲಿ. ನನ್ನ ದನಿ ಕೇಳಲು ನೀನಿರುವವರೆಗೆ ನಾನು ರಾಜನೇ” ಎಂದ.

ಎಲ್ಲರ ತಲೆಯೂ ಅಟ್ಟದ ಕಡೆ ತಿರುಗಿತು. ಇನ್ನು ಮಂಗಳ. ನಾನು ಕರ್ಪೂರ ಹಚ್ಚಿದೆ. ಅತ್ತೆ ಎದ್ದು ನಿಂತಳು, ಬಾಯಿ ತೆರೆದಳು. ದನಿ ಬರಲಿಲ್ಲ. ಎರಡು ಕೈಯಲ್ಲೂ ತಟ್ಟೆ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅದು ಅವಳು ಹೂಡಿದ ಆಟ ಎಂದು ಮೊಹಲ್ಲಾದಲ್ಲಿ ಈಗಲೂ ಹೇಳುವವರಿದ್ದಾರೆ. ಪಕ್ಕದಲ್ಲಿದ್ದವಳು ನಾನು. ಹಕ್ಕಿ ಹಾರಿಸಿದ ಆ ಕಂಠದಿಂದ ಒಂದು ಉಸಿರು ಕೂಡ ಹೊರಡಲಿಲ್ಲ. ಕರ್ಪೂರ ಉರಿದು ಮುಗಿಯಿತು.

ಕೆಳಗೆ ಮಾವನಿಗೆ ಅದು ಅರ್ಥವಾಯಿತೆಂದು ಕಾಣುತ್ತದೆ. ಅವಳ ಪಾಡು ನೋಡಲಾರದೆ ಅವನೇ ಮಂಗಳ ಹಾಡಲು ಶುರುಮಾಡಿದ. ಹಾಡಿದ ಎನ್ನುವುದು ನನ್ನ ಔದಾರ್ಯ. ರಾಗ ಒಂದು ಕಡೆ, ತಾಳ ಇನ್ನೊಂದು ಕಡೆ, ಹಲ್ಲಿಲ್ಲದ ಬಾಯಿಂದ ಅಕ್ಷರಗಳು ಬೇಕಾದ ಕಡೆ ಹೋದವು. ಆದರೂ ಒಬ್ಬರೂ ನಗಲಿಲ್ಲ. ಅವನು ಕೊನೆಯ ನುಡಿಯನ್ನೂ ಮುಗಿಸಿದ. ಕಾರ್ಯದರ್ಶಿಗಳು ನಿಟ್ಟುಸಿರು ಬಿಟ್ಟು ಪರದೆಯ ಹಗ್ಗಕ್ಕೆ ಕೈಹಾಕಿದರು.

“ಪರದೆ ಬುಡಬ್ಯಾಡಿ.”

ಅತ್ತೆಯ ದನಿ ವಾಪಸು ಬಂದಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಅಟ್ಟದ ಅಂಚಿಗೆ ಬಂದಳು. “ಸಾಹುಕಾರ್ರೇ, ನೀವೇ ಯೋಳಿ. ಈ ಲಾಯದಲ್ಲಿ ಮಂಗಳ ಎಲ್ಲಿಂದ ಬರ್ಬೇಕು?”

ಸಾಹುಕಾರರ ಮಗ ಎದ್ದು ನಿಂತರು. ತಾವು ಹಾಕಿಸಿದ ಹೊಸ ತೊಲೆಗಳನ್ನು ನೋಡಿದರು, ಅಟ್ಟವನ್ನು ನೋಡಿದರು, ಕಿರೀಟ ಓರೆಯಾಗಿ ನಿಂತಿದ್ದ ಮಾವನನ್ನು ನೋಡಿದರು. ಅವರ ಕಣ್ಣೂ ಒದ್ದೆಯಾಗಿತ್ತು.

“ಮೇಲಿಂದ ತಾಯಿ” ಎಂದರು. “ನಮ್ಮಜ್ಜಿ ಹಾಕಿದ ಕಟ್ಟು. ಕೆಳಗಿಂದ ಹಾಡಿದ್ದು ಲೆಕ್ಕಕ್ಕಿಲ್ಲ.”

“ಅಂಗಾದ್ರೆ ನಾಟ್ಕ ನಡೀತೈತೆ” ಎಂದಳು ಅತ್ತೆ. ಆಮೇಲೆ ದನಿ ತಗ್ಗಿಸಿ, “ಮಗಳ ಮದ್ವೇಗೆ ಯೋಚ್ನೆ ಮಾಡ್ಬ್ಯಾಡಿ, ಬಂದು ಹಾಡ್ತೀನಿ. ರಾಜ ಮಾತಾಡಾಯ್ತಲ್ಲ, ನನ್ನ ಹಟ ತೀರ್ತು” ಎಂದಳು. ಮುಂದಿನ ವಾರ ಹೋಗಿ ಹಾಡಿಯೂ ಬಂದಳು. ಲಾಯ ಮೊಹಲ್ಲಾದವರದಾಗಿಯೇ ಉಳಿಯಿತು. ಅಲ್ಲಿ ಆಮೇಲೆ ಬೇರೆ ನಾಟಕಗಳಾದವು, ಅವುಗಳ ಮಂಗಳವನ್ನು ಬೇರೆ ಹೆಂಗಸರು ಮೇಲಿಂದ ಹಾಡಿದರು. ಮಾವನ ನಾಟಕದ ಮಂಗಳ ಮಾತ್ರ ಹಾಗೇ ನಿಂತಿದೆ. ಅದನ್ನು ಹಾಡು ಎಂದು ಅವಳನ್ನು ಯಾರೂ ಮತ್ತೆ ಕೇಳಲಿಲ್ಲ.

ಇಷ್ಟೆಲ್ಲ ಬರೆದು ಅತ್ತೆಯ ಹೆಸರೇನೆಂದು ಹೇಳಲಿಲ್ಲವಲ್ಲ ಎಂದು ನೀವು ಕೇಳಬಹುದು. ನನಗೆ ಗೊತ್ತಿದೆ, ಅಂದು ಲಾಯದಲ್ಲಿದ್ದ ಎಲ್ಲರಿಗೂ ಗೊತ್ತಿದೆ. ಬರೆದರೆ ನೀವು ಅದನ್ನು ನಿಮ್ಮ ದನಿಯಲ್ಲಿ ಓದಿಕೊಳ್ಳುತ್ತೀರಿ. ಅಷ್ಟು ವರ್ಷ ಕಾದು ಅವಳು ಕೇಳಿಸಿಕೊಂಡದ್ದು ಮಾವನ ದನಿಯಲ್ಲಿ. ಅದು ಅಲ್ಲೇ ಇರಲಿ.